ಬಾಡಿಗೆ ನಿಂತಿದೆ, ಮಾಡು ಸೋರುತ್ತಿದೆ: ಮನೆ ಕೊಟ್ಟವರು ಏನು ಮಾಡಬೇಕು?

ಜುಲೈ ತಿಂಗಳು. ಶಿವಮೊಗ್ಗದಲ್ಲಿ ಎಂಟು ದಿನದಿಂದ ಬಿಟ್ಟೂ ಬಿಡದ ಮಳೆ. ಐದನೇ ತಾರೀಖಿಗೆ ಬರಬೇಕಿದ್ದ ಬಾಡಿಗೆ ಹದಿನೈದಾದರೂ ಬಂದಿರಲಿಲ್ಲ. ಅಮ್ಮ ಫೋನ್ ಮಾಡಿದಾಗ ಬಾಡಿಗೆದಾರರ ಕಡೆಯಿಂದ ಉತ್ತರ ಬಂತು: "ಅಮ್ಮ, ಅಡುಗೆಮನೆ ಸೋರ್ತಾ ಇದೆ, ರೂಮಿನ ಗೋಡೆಯೆಲ್ಲ ಬೂಸಲು. ಸರಿ ಮಾಡ್ಸೋ ತನಕ ಬಾಡಿಗೆ ಕೊಡಲ್ಲ. ಬೇಕಾದ್ರೆ ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ."

ಅಪ್ಪ ತೀರಿಕೊಂಡ ಮೇಲೆ ಗೋಪಾಳ ಬಡಾವಣೆಯ ಆ ಮನೆಯ ಬಾಡಿಗೆಯಲ್ಲೇ ಅಮ್ಮನ ಔಷಧಿ, ರೇಷನ್ನು, ಕರೆಂಟು ಬಿಲ್ಲು ಎಲ್ಲ ನಡೆಯಬೇಕು. ಅವತ್ತು ರಾತ್ರಿ ಅಮ್ಮನಿಗೆ ನಿದ್ದೆ ಇಲ್ಲ. ಬೆಳಿಗ್ಗೆ ಒಬ್ಬರು "ಬೀಗ ಜಡೀರಿ" ಎಂದರು. ಇನ್ನೊಬ್ಬರು "ನೀರು ನಿಲ್ಲಿಸಿ, ತಾವಾಗೇ ಖಾಲಿ ಮಾಡ್ತಾರೆ" ಎಂದರು. ಪುಣ್ಯಕ್ಕೆ ಅಮ್ಮ ಎರಡನ್ನೂ ಮಾಡಲಿಲ್ಲ. ಮುಂದಿನ ಮೂರು ತಿಂಗಳಲ್ಲಿ ನಾವು ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಾಡಿಗೆ ಒಂದು ಲೆಕ್ಕ, ರಿಪೇರಿ ಇನ್ನೊಂದು ಲೆಕ್ಕ. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದರೆ ಅರ್ಧ ಜಗಳ ಅಲ್ಲೇ ತಿಳಿಯಾಗುತ್ತದೆ.

ಮೊದಲು ಮಾಡಬಾರದ್ದು

ಬೀಗ ಹಾಕಬೇಡಿ. ನೀರು, ಕರೆಂಟು ಕತ್ತರಿಸಬೇಡಿ. ಸಾಮಾನು ಹೊರಗಿಡಬೇಡಿ. ಆರು ತಿಂಗಳ ಬಾಡಿಗೆ ಬಾಕಿ ಇದ್ದರೂ ಇದು ತಪ್ಪೇ. ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹೂಡಿ ಮನೆ ವಾಪಸ್ ಕೇಳಬಹುದು. ಆಗ ಮನೆ ಯಾರದ್ದು ಅನ್ನೋದು ಮುಖ್ಯ ಆಗುವುದಿಲ್ಲ. ನಿಮ್ಮದೇ ಮನೆಯ ವಿಷಯದಲ್ಲಿ ನೀವೇ ತಪ್ಪಿತಸ್ಥರಾಗಿ ನಿಲ್ಲಬೇಕಾಗುತ್ತದೆ.

ಹೋಗಿ ಗೋಡೆ ನೋಡಿ

ಫೋನಿನಲ್ಲಿ ವಾದ ಮಾಡಬೇಡಿ. ಒಂದು ದಿನ ಮುಂಚೆ ಮೆಸೇಜ್ ಹಾಕಿ, ಹಗಲು ಹೊತ್ತಿನಲ್ಲಿ ಹೋಗಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್, ಸರಿಯಾದ ಹೊತ್ತಿನಲ್ಲಿ ಬಂದು ಮನೆಯ ಸ್ಥಿತಿ ನೋಡಲು ಮಾಲೀಕರಿಗೆ ಅವಕಾಶ ಕೊಟ್ಟಿದೆ. ಸಾಧ್ಯವಾದರೆ ಒಬ್ಬ ಗಾರೆ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿ.

ಮಲೆನಾಡಿನ ಮನೆಯಲ್ಲಿ ಗೋಡೆ ಒದ್ದೆಯಾಗಲು ಕಾರಣ ಒಂದೇ ಅಲ್ಲ. ಯಾರ ಹೊಣೆ ಅನ್ನೋದು ಆ ಕಾರಣದ ಮೇಲೇ ನಿಂತಿರುತ್ತದೆ. ಅದಕ್ಕೇ ಇಲ್ಲಿ ಆತುರ ಮಾಡಬೇಡಿ.

ಮಾಡಿನಿಂದ, ಅಂದರೆ ಚಾವಣಿಯಿಂದ ಸೋರಿದರೆ ಕಲೆ ಮೇಲಿಂದ ಕೆಳಗೆ ಇಳಿದಿರುತ್ತದೆ, ಅಂಚಿನಲ್ಲಿ ಹಳದಿ ಗೆರೆ ಇರುತ್ತದೆ. ಹೆಂಚಿನ ಮಾಡಾದರೆ ಮಂಗಗಳು ಹಾರಿ ಹೆಂಚು ಒಡೆದಿವೆಯಾ, ಸರಿದಿವೆಯಾ ನೋಡಿ. ಹೆಂಚಿನ ಕೆಳಗಿನ ಮರ (ರೀಪು, ಪಕಾಸು) ಕಪ್ಪಾಗಿದ್ದರೆ ಸೋರಿಕೆ ಈ ವರ್ಷದ್ದಲ್ಲ, ಹಳೆಯದು. ಆರ್‌ಸಿಸಿಯಾದರೆ ತಾರಸಿಯ ನೀರು ಹೋಗುವ ಕೊಳವೆಯಲ್ಲಿ ಎಲೆ ಕಟ್ಟಿಕೊಂಡಿರಬಹುದು. ನೆಲದಿಂದ ಒಂದೆರಡು ಅಡಿ ಎತ್ತರದವರೆಗೆ ಮಾತ್ರ ತೇವ ಇದ್ದು, ಅಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಅದು ಪಾಯದಿಂದ ಹತ್ತಿದ ನೀರು. ಬೇಸಿಗೆಯಲ್ಲೂ ಆರದ ಗೋಡೆಯ ಹಿಂದೆ ಪೈಪು ಇದೆಯಾ ನೋಡಿ. ನೀರಿನ ಮೀಟರ್ ಇದ್ದರೆ ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ ಗಮನಿಸಿ. ಮುಳ್ಳು ತಿರುಗುತ್ತಿದ್ದರೆ ಪೈಪು ಸೋರುತ್ತಿರಬಹುದು. ಇವೆಲ್ಲ ಮನೆಯ ದೋಷಗಳು.

ಆದರೆ ಬೀರುವಿನ ಹಿಂದೆ, ಮೂಲೆಯಲ್ಲಿ ಮಾತ್ರ ಚುಕ್ಕೆ ಚುಕ್ಕೆ ಬೂಸಲು ಬಂದಿದ್ದರೆ ಕಥೆ ಬೇರೆ. ನಮ್ಮ ಕಡೆ ಆಷಾಢದಲ್ಲಿ ಬಟ್ಟೆ ಒಣಗುವುದೇ ಇಲ್ಲ. ರೂಮಿನೊಳಗೆ ಹಗ್ಗ ಕಟ್ಟಿ, ಕಿಟಕಿ ಮುಚ್ಚಿ ಒಣಗಿಸುತ್ತಾರೆ. ಆ ಹಸಿಯೆಲ್ಲ ಗೋಡೆಗೇ ಸೇರುತ್ತದೆ. ಯಾವುದು ಎಂದು ತಿಳಿಯಲು ಸುಲಭದ ದಾರಿ ಇದೆ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು ಅಂಗೈ ಅಗಲ ಕತ್ತರಿಸಿ, ಗೋಡೆ ಒರೆಸಿ, ನಾಲ್ಕೂ ಕಡೆ ಟೇಪು ಹಾಕಿ ಎರಡು ದಿನ ಬಿಡಿ. ಹನಿ ಫಾಯಿಲಿನ ಹೊರಗಡೆ ಕೂತಿದ್ದರೆ ಅದು ಕೋಣೆಯ ಗಾಳಿಯ ತೇವ. ಗೋಡೆ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ.

ನಮ್ಮ ಮನೆಯಲ್ಲಿ ಎರಡೂ ಇತ್ತು! ಅಡುಗೆಮನೆಯ ಮಾಡಿನಲ್ಲಿ ನಾಲ್ಕು ಹೆಂಚು ಒಡೆದಿದ್ದವು. ಒಲೆಯ ಪಕ್ಕ ಇಟ್ಟಿದ್ದ ಸ್ಟೀಲ್ ಪಾತ್ರೆಗೆ ಟಪ್ ಟಪ್ ಎಂದು ಹನಿ ಬೀಳುತ್ತಿತ್ತು, ಪಾತ್ರೆ ಅರ್ಧ ತುಂಬಿತ್ತು. ಅದನ್ನು ನೋಡಿ ಅಮ್ಮನ ಮುಖ ಸಣ್ಣದಾಯಿತು. ಆ ಹೆಣ್ಣುಮಗಳು ದಿನವೂ ಹಾಗೇ ಅಡುಗೆ ಮಾಡುತ್ತಿದ್ದಳಲ್ಲ. ಬೇಸಿಗೆಯಲ್ಲೇ ಹೆಂಚು ಕೈಯಾಡಿಸಬೇಕಿತ್ತು, ಮಾಡಿಸಿರಲಿಲ್ಲ. ಅದು ನಮ್ಮದೇ ತಪ್ಪು. ಆದರೆ ರೂಮಿನ ಬೂಸಲು ಮನೆಯ ದೋಷ ಆಗಿರಲಿಲ್ಲ. ಫಾಯಿಲಿನ ಹೊರಮೈ ಒದ್ದೆ, ಒಳಮೈ ಒಣಗಿತ್ತು. ಇಬ್ಬರೂ ಕೂತು ಅದನ್ನು ನೋಡಿದ ಮೇಲೆ ದನಿ ತಗ್ಗಿತು.

ಫೋಟೋ, ವಿಡಿಯೋ ತೆಗೆಯಿರಿ. ಬಾಡಿಗೆದಾರರೂ ತೆಗೆದುಕೊಳ್ಳಲಿ.

ಎರಡು ಹಾಳೆ ಬರೆಯಿರಿ

ಮೊದಲ ಹಾಳೆ ರಿಪೇರಿಯದ್ದು. ಏನು ಕೆಟ್ಟಿದೆ, ಯಾರು ಮಾಡಿಸಬೇಕು, ಯಾವ ತಾರೀಖಿನೊಳಗೆ. ಮಳೆಯಲ್ಲಿ ಇಡೀ ಮಾಡು ಬಿಚ್ಚಲು ಆಗುವುದಿಲ್ಲ, ಆಗುತ್ತದೆ ಎಂದು ಸುಳ್ಳು ಹೇಳಬೇಡಿ. ಈ ವಾರ ಟಾರ್ಪಾಲು ಮತ್ತು ಒಡೆದ ಹೆಂಚು, ಮಳೆ ಹೋದ ಮೇಲೆ ಪೂರ್ತಿ ಕೆಲಸ, ಹೀಗೆ ಎರಡು ತಾರೀಖು ಬರೆಯಿರಿ. ಬರೆದ ಮೇಲೆ ಮಾಡಿಸಿ. ಬಿಲ್ ಇಟ್ಟುಕೊಳ್ಳಿ.

ಎರಡನೇ ಹಾಳೆ ಬಾಡಿಗೆಯದ್ದು. ಯಾವ ತಿಂಗಳು, ಎಷ್ಟು, ಎಷ್ಟು ಬಂತು, ಎಷ್ಟು ಬಾಕಿ. ಎರಡನ್ನೂ ವಾಟ್ಸಾಪಿನಲ್ಲಿ ಕಳಿಸಿ. ಆ ಮೆಸೇಜುಗಳನ್ನು ಅಳಿಸಬೇಡಿ. ಮುಂದೆ ಕೋರ್ಟಿಗೆ ಕೊಡಬೇಕಾಗಿ ಬಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ (ಫೋನಿನಂಥ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದದ್ದು) ಜೊತೆಗಿರಬೇಕು. ಅದನ್ನು ವಕೀಲರು ಮಾಡಿಸಿಕೊಡುತ್ತಾರೆ.

"ರಿಪೇರಿ ಆಗೋ ತನಕ ಕೊಡಲ್ಲ" ಅನ್ನಬಹುದಾ?

ಪೂರ್ತಿ ಬಾಡಿಗೆ ಹಿಡಿದಿಟ್ಟುಕೊಳ್ಳುವ ಹಕ್ಕನ್ನು 108ನೇ ಸೆಕ್ಷನ್ ಕೊಟ್ಟಿಲ್ಲ. ಕೊಟ್ಟಿರುವುದು ಇಷ್ಟು. ಮಾಲೀಕರು ಮಾಡಿಸಲೇಬೇಕಾದ ರಿಪೇರಿ ಇದ್ದು, ಬಾಡಿಗೆದಾರರು ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಅವರೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಅಂದರೆ 8,000 ರೂಪಾಯಿ ಬಾಡಿಗೆಯ ಮನೆಯಲ್ಲಿ ಹೆಂಚಿಗೆ 2,500 ಖರ್ಚಾದರೆ 5,500 ಕೊಡಲೇಬೇಕು. ಯಾವ ರಿಪೇರಿ ಯಾರದ್ದು ಎಂದು ಕರಾರಿನಲ್ಲಿ ಬರೆದಿದ್ದರೆ ಅದೇ ನಡೆಯುತ್ತದೆ. ನಮ್ಮ ಕರಾರಿನಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿದ ನಮೂನೆಗೆ ಹೆಸರು ತುಂಬಿಸಿ ಸಹಿ ಹಾಕಿದ್ದೆವು. ದಯವಿಟ್ಟು ಹಾಗೆ ಮಾಡಬೇಡಿ. ಮಾಡು, ಪೈಪು, ವೈರಿಂಗು, ಸೋಲಾರ್, ಬಣ್ಣ ಇಷ್ಟಕ್ಕಾದರೂ ಒಂದೊಂದು ಸಾಲು ಬರೆಸಿ.

"ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ" ಅನ್ನುವ ಮಾತಿಗೆ ಸುಮ್ನೆ ತಲೆಯಾಡಿಸಬೇಡಿ. 50,000 ಅಡ್ವಾನ್ಸು 8,000 ಬಾಡಿಗೆಗೆ ಆರು ತಿಂಗಳಲ್ಲಿ ಕರಗಿ ಹೋಗುತ್ತದೆ. ಕೇಸು ಆರು ತಿಂಗಳಲ್ಲಿ ಮುಗಿಯುತ್ತದೆ ಎಂದು ನಂಬಿ ಕೂರಬೇಡಿ. ಎರಡು ತಿಂಗಳು ಬಾಕಿಯಾದರೆ ಮುಂದಿನ ಹೆಜ್ಜೆ ಇಡಿ. ಬಾಕಿ ಬಾಡಿಗೆಗೆ ದಾವೆ ಹೂಡಲು ಮೂರು ವರ್ಷದ ಕಾಲಮಿತಿ ಇದೆ. ಅದೂ ನೆನಪಿರಲಿ.

ನೋಟಿಸು

ಮಾತು ಮುಗಿದ ಮೇಲೂ ದುಡ್ಡು ಬರದಿದ್ದರೆ ವಕೀಲರ ಮೂಲಕ ನೋಟಿಸು ಕೊಡಿಸಿ. ಇಲ್ಲಿ ಎರಡು ಕಾನೂನುಗಳಿವೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ. ಊರಿನ ವರ್ಗ ನೋಡಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ ದಾಟಿದರೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಇವತ್ತಿನ ಜಾಸ್ತಿ ಮನೆಗಳು ಸ್ವತ್ತು ವರ್ಗಾವಣೆ ಕಾಯ್ದೆಯಡಿ ಬರುತ್ತವೆ. ಅದರ 106ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಏನೂ ಇಲ್ಲದಿದ್ದರೆ, ತಿಂಗಳ ಬಾಡಿಗೆಯನ್ನು 15 ದಿನದ ಲಿಖಿತ ನೋಟಿಸಿನಿಂದ ಕೊನೆಗೊಳಿಸಬಹುದು. ಹನ್ನೊಂದು ತಿಂಗಳ ಕರಾರು ಮುಗಿದು, ಹಾಗೇ ಬಾಡಿಗೆ ತೆಗೆದುಕೊಳ್ಳುತ್ತಾ ಬಂದಿದ್ದರೆ ನಿಮ್ಮದೂ ತಿಂಗಳ ಬಾಡಿಗೆಯೇ.

ನೋಟಿಸು ತಲುಪಿದ್ದಕ್ಕೆ ಅಂಚೆಯಿಂದ ದಾಖಲೆ ಬರುವ ಹಾಗೆ ಕಳಿಸಿ. ಅವಧಿ ಮುಗಿದ ಮೇಲೆ ಬಾಡಿಗೆ ಕೊಟ್ಟರೆ ತಟ್ಟನೆ ತೆಗೆದುಕೊಳ್ಳಬೇಡಿ, ಮೊದಲು ವಕೀಲರನ್ನು ಕೇಳಿ. ಏನೂ ಹೇಳದೆ ತೆಗೆದುಕೊಂಡರೆ ನೋಟಿಸನ್ನು ನೀವೇ ಬಿಟ್ಟುಕೊಟ್ಟ ಹಾಗಾಗಬಹುದು. 113ನೇ ಸೆಕ್ಷನ್ನಿನಲ್ಲಿ ಇದೇ ಉದಾಹರಣೆ ಇದೆ.

ಕೋರ್ಟಿಗೆ ಮುಂಚೆ ಒಂದು ಬಾಗಿಲು

ನೋಟಿಸಿಗೂ ಜಗ್ಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ಮನೆ ಖಾಲಿ ಮಾಡಿಸಲು ಮತ್ತು ಬಾಕಿ ವಸೂಲಿಗೆ ದಾವೆ ಹಾಕಬೇಕು. ಅದಕ್ಕೂ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಸಾಗರ, ತೀರ್ಥಹಳ್ಳಿಯಂಥ ಕಡೆ ತಾಲ್ಲೂಕು ಸಮಿತಿಗಳಿವೆ. ಕೇಸು ದಾಖಲಾಗುವ ಮೊದಲೇ ಲೋಕ ಅದಾಲತ್ತಿನಲ್ಲಿ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತಾರೆ. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ತೀರ್ಪಿನ ಆದೇಶದಷ್ಟೇ ಬೆಲೆ, ಮೇಲ್ಮನವಿ ಇಲ್ಲ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಬಾಡಿಗೆ ನಂಬಿ ಬದುಕುವ ಅಮ್ಮಂದಿರಿಗೆ ಇದು ಗೊತ್ತೇ ಇಲ್ಲ, ಅದೇ ನನಗೆ ಸಂಕಟ. ಸಹಾಯವಾಣಿ 15100.

ನಮ್ಮ ವಿಷಯ ಅಲ್ಲಿಯವರೆಗೆ ಹೋಗಲಿಲ್ಲ. ಹೆಂಚು ಹಾಕಿಸಿದ ವಾರವೇ ಅರ್ಧ ಬಾಡಿಗೆ ಬಂತು, ಉಳಿದದ್ದು ಎರಡು ಕಂತಿನಲ್ಲಿ. ಪಾತ್ರೆ ಇಟ್ಟುಕೊಂಡು ಅಡುಗೆ ಮಾಡಿದ ದಿನಗಳಿಗೆಂದು ಅಮ್ಮ ತಾವಾಗೇ 1,000 ರೂಪಾಯಿ ಬಿಟ್ಟರು, ಅದನ್ನೂ ಹಾಳೆಯಲ್ಲಿ ಬರೆದರು. ಯುಗಾದಿ ಆದ ಮೇಲೆ ಅವರು ಬೇರೆ ಮನೆಗೆ ಹೋದರು.

ಬೀಗದ ಕೈ ವಾಪಸ್ ತಗೊಳ್ಳುವ ದಿನ

ಖಾಲಿ ಮನೆಯನ್ನು ಇಬ್ಬರೂ ಒಟ್ಟಿಗೆ ನೋಡಿ. ಬಣ್ಣ ಮಾಸುವುದು, ನೆಲ ಸವೆಯುವುದು ಬಳಕೆಯಿಂದ ಆಗುವ ಸಹಜ ಸವಕಳಿ, ಅದನ್ನು ಅಡ್ವಾನ್ಸಿನಲ್ಲಿ ಮುರಿಯುವುದು ಸರಿಯಲ್ಲ. ಬಣ್ಣದ ದುಡ್ಡು ಎಂದು ಕರಾರಿನಲ್ಲೇ ಬರೆದಿದ್ದರೆ ಮಾತು ಬೇರೆ. ಒಡೆದ ಸಿಂಕು, ಕಿತ್ತ ಸ್ವಿಚ್ಚಿಗೆ ಬಿಲ್ ತೋರಿಸಿ ಮುರಿಯಿರಿ. ಮೆಸ್ಕಾಂನ ಕರೆಂಟು ಮೀಟರಿನ ಫೋಟೋ ತೆಗೆದು, ಕೊನೆಯ ಬಿಲ್ ಕಟ್ಟಿಸಿ. ಉಳಿದ ಅಡ್ವಾನ್ಸನ್ನು ನಗದು ಕೊಡದೆ ಬ್ಯಾಂಕಿಗೆ ಹಾಕಿ. "ಮನೆ ಬಿಟ್ಟುಕೊಟ್ಟಿದ್ದೇವೆ, ಲೆಕ್ಕ ಚುಕ್ತಾ" ಎಂದು ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಆಮೇಲೆ ಬೀಗದ ಕೈ ಎಣಿಸಿಕೊಳ್ಳಿ. ನಮ್ಮಮ್ಮ ಮೂರು ಕೊಟ್ಟಿದ್ದರು, ಮೂರೂ ಬಂದವು.