ಬಿಸಿಲು ಕಂಡ ಮುಖದ ಸುಕ್ಕಿಗೆ ನಾನು ಮಾಡಿಕೊಂಡ ಆರೈಕೆ

ನಾನು ಕಲಬುರಗಿಯಲ್ಲಿ ಹೈಸ್ಕೂಲಿನ ಪಿ.ಟಿ. ಟೀಚರ್. ಕೆಲಸವೆಲ್ಲ ಮೈದಾನದಲ್ಲೇ. ಬೆಳಗಿನ ಪ್ರಾರ್ಥನೆ, ಕವಾಯತು, ಕೊಕ್ಕೊ, ಥ್ರೋಬಾಲ್. ಕ್ರೀಡಾಕೂಟ ಬಂತೆಂದರೆ ಇಡೀ ದಿನ ಬಿಸಿಲು. ಐವತ್ತು ದಾಟುವ ಹೊತ್ತಿಗೆ ಕಣ್ಣಿನ ಕೊನೆಯಲ್ಲಿ, ಹುಬ್ಬಿನ ನಡುವೆ, ಕುತ್ತಿಗೆಯಲ್ಲಿ ಗೆರೆಗಳು ಎದ್ದು ಕಾಣತೊಡಗಿದವು. ವಯಸ್ಸಾಯ್ತು, ಬರೋದೇ ಅಂತ ಎಲ್ಲರೂ ಹೇಳಿದರು.

ವಯಸ್ಸೊಂದೇ ಕಾರಣ ಅಲ್ಲ. ಬೇಕಿದ್ದರೆ ನಿಮ್ಮ ರಟ್ಟೆಯ ಒಳಭಾಗ ನೋಡಿಕೊಳ್ಳಿ. ತೋಳಿನ ಬಟ್ಟೆಯೊಳಗೆ ನನ್ನ ಚರ್ಮ ಇವತ್ತಿಗೂ ನುಣುಪಾಗಿದೆ. ಮುಂಗೈ ಮೇಲೆ, ವಾಚಿನ ಪಟ್ಟಿಯ ಪಕ್ಕದಲ್ಲಿ, ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತು ನಿಧಾನಕ್ಕೆ ಇಳಿಯುತ್ತದೆ. ಎರಡೂ ಕಡೆ ವಯಸ್ಸು ಒಂದೇ ಅಲ್ವಾ?

ಚರ್ಮದ ಡಾಕ್ಟರು ಇದನ್ನೇ ಬಿಡಿಸಿ ಹೇಳಿದರು. ಚರ್ಮದ ಒಳಪದರಕ್ಕೆ ಗಟ್ಟಿತನ ಕೊಡೋದು ಕೊಲಾಜೆನ್, ಎಳೆದರೆ ಮತ್ತೆ ಮೊದಲಿನ ಹಾಗೆ ಕೂರಿಸೋದು ಎಲಾಸ್ಟಿನ್. ವಯಸ್ಸಿನ ಜೊತೆ ಇವು ಕಡಿಮೆಯಾಗುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಮೊದಲ ಕೆಲವು ವರ್ಷ ಕೊಲಾಜೆನ್ ಬೇಗ ಬೇಗ ಇಳಿಯುತ್ತದೆ. ಅದರ ಮೇಲೆ ಬಿಸಿಲು. ಬಿಸಿಲಿನ ಯುವಿಎ ಕಿರಣ ಒಳಪದರದವರೆಗೂ ಹೋಗಿ ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಈ ಹಾನಿ ಇನ್ನೂ ಜಾಸ್ತಿ. ನಮ್ಮ ಕಂದು ಬಣ್ಣ ಸ್ವಲ್ಪ ಕಾಯುತ್ತದೆ, ಪೂರ್ತಿ ಅಲ್ಲ.

ಯುವಿಎ ಗಾಜನ್ನೂ ದಾಟುತ್ತದೆ. ಅಮೆರಿಕದಲ್ಲಿ 28 ವರ್ಷ ಟ್ರಕ್ ಓಡಿಸಿದ ಒಬ್ಬರ ಫೋಟೊ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಕಿಟಕಿ ಕಡೆಯ ಎಡಗೆನ್ನೆ ತುಂಬ ಆಳವಾದ ಸುಕ್ಕು, ಬಲಗೆನ್ನೆಯಲ್ಲಿ ಅಷ್ಟಿಲ್ಲ. ನಮ್ಮ ಡ್ರೈವರುಗಳಿಗೆ ಕಿಟಕಿ ಬಲಗಡೆ. ಬಸ್ ಓಡಿಸುವ ನಮ್ಮ ಅಣ್ಣನಿಗೆ ಆ ಫೋಟೊ ತೋರಿಸಿದ ದಿನದಿಂದ ಅವರೂ ಸನ್‌ಸ್ಕ್ರೀನ್ ಹಚ್ಚುತ್ತಾರೆ.

"ನೀವು ಏನು ಹಚ್ಚಿದ್ರೂ ಬಿಸಿಲಿಗೆ ಬರಿ ಮುಖ ಕೊಟ್ಟು ನಿಂತ್ರೆ ಉಪಯೋಗ ಇಲ್ರಿ" ಅಂದರು ಡಾಕ್ಟರು. ಹಾಗಾಗಿ ನನ್ನ ಆರೈಕೆ ಅಲ್ಲಿಂದಲೇ ಶುರುವಾಯಿತು. ಅಗಲ ಅಂಚಿನ ಟೋಪಿ. ಕೊಡೆ. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇಲ್ಲದ, ಡಬ್ಬಿ ಮೇಲೆ ಪಿಎ ಅಂತ ಬರೆದು ಮೂರು ನಾಲ್ಕು ಪ್ಲಸ್ ಗುರುತಿರುವ ಸನ್‌ಸ್ಕ್ರೀನ್. ಎಸ್‌ಪಿಎಫ್ ಲೆಕ್ಕ ಚರ್ಮ ಸುಡುವ ಯುವಿಬಿಯದು, ಪಿಎ ಲೆಕ್ಕ ಯುವಿಎಯದು. ಎರಡೂ ನೋಡಬೇಕು. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಎಳೆದರೆ ಎಷ್ಟಾಗುತ್ತದೋ ಅಷ್ಟು ಮುಖ, ಕುತ್ತಿಗೆಗೆ ಬೇಕು. ಬಿಸಿಲಲ್ಲೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನಾನು ಬೆವರನ್ನು ಉಜ್ಜದೆ ಕರವಸ್ತ್ರದಲ್ಲಿ ಒತ್ತಿ ತೆಗೆದು ಹಚ್ಚುತ್ತೇನೆ. ಬೆವರು ಸುರಿಯುವ ನಮ್ಮ ಊರಿಗೆ ಜೆಲ್ ಥರದ್ದು ಒಳ್ಳೆಯದು, ಮುಖ ಬೆಳ್ಳಗೆ ಸುಣ್ಣ ಬಳಿದ ಹಾಗೆ ಕಾಣೋದಿಲ್ಲ.

ಸಾಲುಮರ ಇರುವ ಕಡೆ ಮಕ್ಕಳನ್ನು ನಿಲ್ಲಿಸಿ ಕವಾಯತು ಮಾಡಿಸುವುದನ್ನೂ ಆಗಲೇ ರೂಢಿ ಮಾಡಿಕೊಂಡೆ. ಮಕ್ಕಳ ಚರ್ಮಕ್ಕೂ ಬಿಸಿಲಿನ ಹಾನಿ ಚಿಕ್ಕಂದಿನಿಂದಲೇ ಶುರು ನೋಡಿ.

ರಾತ್ರಿಗೆ ಡಾಕ್ಟರು ಬರೆದುಕೊಟ್ಟದ್ದು ಟ್ರೆಟಿನಾಯಿನ್ ಕ್ರೀಮು, ಶೇಕಡಾ 0.025ರದ್ದು. ಇದು ಎ ಜೀವಸತ್ವದ ಜಾತಿಯ ಔಷಧ. ಮೊದಲು ಮೊಡವೆಗೆ ಕೊಡುತ್ತಿದ್ದರು. ಅಮೆರಿಕದ ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಚರ್ಮವೈದ್ಯರು ಇದರಿಂದ ಸಣ್ಣ ಸುಕ್ಕುಗಳೂ ತಿಳಿಯಾಗುತ್ತವೆ ಅಂತ 1986ರಲ್ಲಿ ಪ್ರಕಟಿಸಿದರು. ಹೊಸ ಕೊಲಾಜೆನ್ ಕಟ್ಟೋದಕ್ಕೆ ಇದು ಚರ್ಮವನ್ನು ಪ್ರಚೋದಿಸುತ್ತದೆ.

ಮುಖ ತೊಳೆದು, ನೀರು ಪೂರ್ತಿ ಆರಲು ಬಿಟ್ಟು, ಬಟಾಣಿ ಕಾಳಿನಷ್ಟು ಮಾತ್ರ ಇಡೀ ಮುಖಕ್ಕೆ. ಮೊದಮೊದಲು ವಾರಕ್ಕೆ ಎರಡು ರಾತ್ರಿ, ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ಶುರುವಿನಲ್ಲಿ ಮೂಗಿನ ಪಕ್ಕ, ಬಾಯಿಯ ಕೊನೆಯಲ್ಲಿ ಹೊಟ್ಟಿನ ಹಾಗೆ ಚರ್ಮ ಏಳುತ್ತದೆ, ಸ್ವಲ್ಪ ಉರಿ ಇರುತ್ತದೆ. ಅಲ್ಲಿ ಮೊದಲೇ ವ್ಯಾಸಲೀನ್ ಸವರಿದರೆ ತಡೆಯಬಹುದು. ಬಹಳ ಜನ ಇದೇ ಹಂತದಲ್ಲಿ ಟ್ಯೂಬ್ ಎಸೆದುಬಿಡುತ್ತಾರೆ. ಫಲ ಕಾಣೋದಕ್ಕೆ ತಿಂಗಳುಗಟ್ಟಲೆ ಬೇಕು. ಬಸುರಿಯರು, ಬಸುರಿಯಾಗಬೇಕು ಅಂತಿರುವವರು ಹಚ್ಚಲೇಬಾರದು.

ಕಣ್ಣಿನ ಕೊನೆಯ ಸಣ್ಣ ಗೆರೆಗಳು ನಿಜಕ್ಕೂ ತಿಳಿಯಾದವು. ಬಾಯಿಯ ಪಕ್ಕದ ಆಳವಾದ ಮಡಿಕೆ ಹಾಗೇ ಇದೆ. ಅದು ಕ್ರೀಮಿಗೆ ಬಗ್ಗುವುದಲ್ಲ. ಹುಬ್ಬಿನ ನಡುವಿನದಕ್ಕೆ ಬೊಟಾಕ್ಸ್ ಇದೆ, ಮೂರು ನಾಲ್ಕು ತಿಂಗಳಿಗೆ ಪರಿಣಾಮ ಇಳಿಯುತ್ತದೆ, ಮತ್ತೆ ಚುಚ್ಚಿಸಿಕೊಳ್ಳಬೇಕು. ನನಗೆ ಅದು ಬೇಡ ಅನಿಸಿತು.

ಒಂದು ವಿಷಯದಲ್ಲಿ ಮಾತ್ರ ನನಗೆ ತುಂಬ ಸಿಟ್ಟು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಡುವ, ಮುಖ ಬೆಳ್ಳಗಾಗುತ್ತೆ ಅನ್ನುವ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಕೆಲವೇ ದಿನಕ್ಕೆ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣುತ್ತವೆ, ನಿಲ್ಲಿಸಿದರೆ ಉರಿ, ಮೊಡವೆ. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತಿದ್ದರೆ ಡಾಕ್ಟರ್ ಹೇಳದೆ ಮುಖಕ್ಕೆ ಮುಟ್ಟಿಸಬೇಡಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗೋದೂ ಬೇಡ, ಸುಟ್ಟ ಹಾಗೆ ಕಪ್ಪು ಕಲೆ ಬೀಳುತ್ತದೆ.

ಟ್ರೆಟಿನಾಯಿನ್ ಹಚ್ಚುತ್ತಿರುವಾಗ ಪಾರ್ಲರಿಗೆ ಹೋದರೆ ಮೊದಲೇ ಹೇಳಿ. ಮೇಲ್ದುಟಿಗೆ ವ್ಯಾಕ್ಸ್ ಮಾಡಿಸಿದರೆ ಕೂದಲ ಜೊತೆ ಚರ್ಮವೂ ಕಿತ್ತು ಬರಬಹುದು.