ನೊಣದ ಹೊಟ್ಟೆ ನೋಡದೆ ಡೋಪಮಿನ್ ಹುಡುಕಿದ ಕತೆ

"ಪಿಎಚ್‌ಡಿ ಅಂತ ಹೋಗಿ ಅಲ್ಲಿ ನೊಣ ಹೊಡೀತಿದೀಯಾ?" ಅಂತ ನಮ್ಮ ಮಾವ ಕೇಳಿದ್ದರು. ಹೊಡೆಯೋದಲ್ಲ ಮಾವ, ಸಾಕೋದು ಅಂದೆ. ಅವರು ಇನ್ನೂ ಜೋರಾಗಿ ನಕ್ಕರು.

ನಮ್ಮ ಲ್ಯಾಬ್ ಹೆಬ್ಬಾಳದ ಆಚೆ ಇದೆ. ಬಾಳೆಹಣ್ಣು ಎರಡು ದಿನ ಜಾಸ್ತಿ ಇಟ್ಟರೆ ಸುತ್ತ ಹಾರಾಡುತ್ತದಲ್ಲ, ಅದೇ ಹಣ್ಣಿನ ನೊಣ ನಮ್ಮದು. ಬೆಂಗಳೂರಿಗೆ ಇದು ಹೊಸದೇನಲ್ಲ. ಇಲ್ಲಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ ವರ್ಷಗಟ್ಟಲೆ ಈ ನೊಣ ವಾಸನೆ ಹೇಗೆ ಹಿಡಿಯುತ್ತದೆ ಅಂತ ನೋಡಿದವರು. ನನ್ನ ಪ್ರಶ್ನೆ ಅದರ ಪಕ್ಕದ್ದು. ವಾಸನೆ ನೆನಪಿದ್ದರೂ ನೊಣ ಒಮ್ಮೆ ಅದರ ಹಿಂದೆ ಹೋಗುತ್ತದೆ, ಇನ್ನೊಮ್ಮೆ ಹೋಗುವುದಿಲ್ಲ. ಇದನ್ನು ತೀರ್ಮಾನಿಸೋದು ಯಾರು?

ಉತ್ತರದ ದೊಡ್ಡ ಭಾಗ 2009ರಲ್ಲೇ ಬಂದಿತ್ತು. ಆಗ ಅಮೆರಿಕದಲ್ಲಿದ್ದ ಸ್ಕಾಟ್ ವ್ಯಾಡೆಲ್ ಅವರ ತಂಡ ಅದನ್ನು ತೋರಿಸಿತ್ತು. ಅದರ ಮೇಲೆ ನನ್ನದೊಂದು ಪ್ರಯೋಗ ಕಟ್ಟಬೇಕಿತ್ತು. ಹಾಗಾಗಿ ಮೊದಲು ಅವರು ಮಾಡಿದ್ದನ್ನೇ ಮಾಡಿ ನೋಡೋಣ ಅಂತ ಕೂತೆ. ಎರಡು ತಿಂಗಳ ಕೆಲಸ ಅಂದುಕೊಂಡಿದ್ದೆ. ಹಿಡಿದದ್ದು ಒಂದು ಮಳೆಗಾಲ ಪೂರ್ತಿ.

ಮಾಡುವ ಕ್ರಮ ಹೀಗೆ. ನೂರರಷ್ಟು ನೊಣಗಳನ್ನು ಹಿಂದಿನ ದಿನವೇ ಉಪವಾಸ ಹಾಕುತ್ತೇವೆ. ನೀರು ಕೊಡುತ್ತೇವೆ, ಊಟ ಇಲ್ಲ. ಮರುದಿನ ಒಂದು ಕೊಳವೆಗೆ ಬಿಟ್ಟು ಎರಡು ನಿಮಿಷ ಒಂದು ವಾಸನೆ, ಸಕ್ಕರೆ ಇಲ್ಲದೆ. ಆಮೇಲೆ ಎರಡು ನಿಮಿಷ ಇನ್ನೊಂದು ವಾಸನೆ, ಸಕ್ಕರೆ ಲೇಪಿಸಿದ ಕಾಗದದ ಜೊತೆ. ಮೂರು ಗಂಟೆ ಬಿಟ್ಟು ಕವಲು ಕೊಳವೆಗೆ ಹಾಕುತ್ತೇವೆ. ಎಡಕ್ಕೆ ಒಂದು ವಾಸನೆ, ಬಲಕ್ಕೆ ಒಂದು. ಎಷ್ಟು ನೊಣ ಯಾವ ಕಡೆ ಹೋದವು ಅಂತ ಎಣಿಸಿ ಅಂಕ ಕೊಡೋದು. ಎರಡೂ ಕಡೆ ಸಮ ಇದ್ದರೆ ಸೊನ್ನೆ. ಇದೆಲ್ಲ ಕತ್ತಲಲ್ಲಿ, ಬರೀ ಕೆಂಪು ದೀಪದಲ್ಲಿ ನಡೆಯುತ್ತದೆ. ನೊಣಕ್ಕೆ ಕೆಂಪು ಸರಿಯಾಗಿ ಕಾಣದು. ನಮಗೂ ಕಾಣದು ಅನ್ನೋದು ಬೇರೆ ಮಾತು. ಮೊದಲ ವಾರ ಎಣಿಸಿದ್ದಕ್ಕಿಂತ ಎಡವಿದ್ದೇ ಹೆಚ್ಚು.

ಹಸಿದೇ ಇದ್ದ ನೊಣ ಸಕ್ಕರೆ ಜೊತೆ ಸಿಕ್ಕಿದ್ದ ವಾಸನೆ ಕಡೆ ಓಡುತ್ತದೆ. ನಡುವಿನ ಮೂರು ಗಂಟೆಯಲ್ಲಿ ಹೊಟ್ಟೆ ತುಂಬಾ ತಿಂದ ನೊಣಕ್ಕೆ ಅದು ಬೇಡ. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಅಂತಾರಲ್ಲ, ಹಾಗೆ. ಸ್ವಾರಸ್ಯ ಇರೋದು ಮುಂದೆ. ಅದೇ ನೊಣವನ್ನು ಮತ್ತೆ ಉಪವಾಸ ಹಾಕಿದರೆ ನೆನಪು ವಾಪಸ್ ಬರುತ್ತದೆ. ಅಂದರೆ ಮರೆತಿರಲಿಲ್ಲ, ಯಾರೋ ಬಾಗಿಲು ಹಾಕಿಟ್ಟಿದ್ದರು.

ಆ ಬಾಗಿಲು ಕಾಯೋದು ಡೋಪಮಿನ್ ಅನ್ನುವ ರಾಸಾಯನಿಕ ಬಿಡುವ ಆರು ನ್ಯೂರಾನ್‌ಗಳು, ಅಂದರೆ ನರಕೋಶಗಳು. ನೊಣದ ಮಿದುಳಲ್ಲಿ ಸುಮಾರು 1,40,000 ನ್ಯೂರಾನ್ ಇವೆ, ಅದರಲ್ಲಿ ಆರು! ನೆನಪು ಕೂತಿರುವ ಅಣಬೆಯಾಕಾರದ ಭಾಗಕ್ಕೆ ಇವು ಡೋಪಮಿನ್ ಸುರಿಯುತ್ತಾ ಇರುತ್ತವೆ, ನೆನಪು ಹೊರಗೆ ಬರುವುದಿಲ್ಲ. ಹಸಿವಾದಾಗ ಬೇರೆ ಕೆಲವು ನ್ಯೂರಾನ್‌ಗಳು ಎನ್‌ಪಿಎಫ್ ಅನ್ನುವ ನ್ಯೂರೋಪೆಪ್ಟೈಡ್ ಬಿಡುತ್ತವೆ. ನ್ಯೂರೋಪೆಪ್ಟೈಡ್ ಅಂದರೆ ನರಕೋಶಗಳು ಸುದ್ದಿ ಕಳಿಸಲು ಬಳಸುವ ಪುಟ್ಟ ಪ್ರೋಟೀನ್ ತುಣುಕು. ನಮ್ಮ ಮಿದುಳಲ್ಲಿರುವ ಎನ್‌ಪಿವೈ ಅನ್ನುವ ಪೆಪ್ಟೈಡ್‌ಗೆ ಎನ್‌ಪಿಎಫ್ ದಾಯಾದಿ. ಅದು ಈ ಆರರ ಮೇಲೆ ಕೂತು ಅವುಗಳ ಬಾಯಿ ಕಟ್ಟುತ್ತದೆ. ಬಾಗಿಲು ತೆರೆಯುತ್ತದೆ.

ಇಲ್ಲಿ ನಾನೂ ತಲೆ ಕೆರೆದುಕೊಂಡಿದ್ದೆ. ಸಕ್ಕರೆ ಸಿಕ್ಕಾಗ "ಇದು ಚೆನ್ನಾಗಿದೆ, ನೆನಪಿಟ್ಟುಕೋ" ಅಂತ ಕಲಿಸೋದೂ ಡೋಪಮಿನ್ನೇ. ಆದರೆ ಅದನ್ನು ಬಿಡುವ ನ್ಯೂರಾನ್‌ಗಳ ಗುಂಪು ಬೇರೆ. ಒಂದೇ ರಾಸಾಯನಿಕ ಒಂದು ಕಡೆ ಮೇಷ್ಟ್ರು, ಇನ್ನೊಂದು ಕಡೆ ಬ್ರೇಕ್. ರೀಲ್ಸ್‌ನಲ್ಲಿ "ಡೋಪಮಿನ್ ಅಂದ್ರೆ ಖುಷಿ" ಅನ್ನೋರನ್ನು ಕಂಡರೆ ನನಗೆ ಸಿಟ್ಟು ಬರೋದು ಇದಕ್ಕೇ. ಬಸ್ಸಿನ ಕಂಡಕ್ಟರ್ ಶಿಳ್ಳೆ ನೆನಪಿಸಿಕೊಳ್ಳಿ. ನಿಲ್ಲಿಸೋದಕ್ಕೂ ಶಿಳ್ಳೆ, ಹೊರಡೋದಕ್ಕೂ ಶಿಳ್ಳೆ. ಪೆಪ್ಟೈಡ್ ಶಿಳ್ಳೆ ಅಲ್ಲ. ಅದು ಬೆಂಗಳೂರಿನ ಕರಗ ಉತ್ಸವದ ರಾತ್ರಿ ಇದ್ದ ಹಾಗೆ, ಪೇಟೆಯ ದಾರಿಗಳೇ ಆ ಹೊತ್ತಿಗೆ ಬದಲಾಗಿರುತ್ತವೆ.

ತಯಾರಾಗೋದರಲ್ಲೇ ಎರಡಕ್ಕೂ ವ್ಯತ್ಯಾಸ ಇದೆ. ಡೋಪಮಿನ್ ಪುಟ್ಟ ಅಣು. ಟೈರೋಸಿನ್ ಅನ್ನುವ ಅಮೈನೋ ಆಮ್ಲದಿಂದ ನರದ ತುದಿಯಲ್ಲೇ ಮಾಡಿಕೊಳ್ಳಬಹುದು. ಬಿಟ್ಟದ್ದನ್ನು ವಾಪಸ್ ಎಳೆದುಕೊಂಡು ಮತ್ತೆ ಬಳಸಬಹುದು. ಪೆಪ್ಟೈಡ್ ಹಾಗಲ್ಲ. ಜೀನ್ ಓದಿ ಕೋಶದ ಒಡಲಲ್ಲಿ ಉದ್ದದ ಸರಪಳಿ ಮಾಡಬೇಕು, ಕತ್ತರಿಸಬೇಕು, ದೊಡ್ಡ ಚೀಲಕ್ಕೆ ತುಂಬಿ ನರದ ತುದಿವರೆಗೆ ಸಾಗಿಸಬೇಕು. ಸಾಮಾನ್ಯವಾಗಿ ನ್ಯೂರಾನ್ ಜೋರಾಗಿ, ಮತ್ತೆ ಮತ್ತೆ ಮಿಡಿದರೇ ಆ ಚೀಲ ಬಿಚ್ಚುತ್ತದೆ. ಬಿಚ್ಚಿದ ಮೇಲೆ ದೂರ ಹರಡುತ್ತದೆ, ಹೊತ್ತು ನಿಲ್ಲುತ್ತದೆ. ವಾಪಸ್ ತಗೊಳ್ಳೋ ವ್ಯವಸ್ಥೆ ಇಲ್ಲ, ಕಿಣ್ವಗಳು ತುಂಡರಿಸಿದಾಗಲೇ ಮುಗಿಯಿತು. ಹಸಿವಿನಂಥ ಗಂಟೆಗಟ್ಟಲೆಯ ವಿಷಯಕ್ಕೆ ಇದೇ ಸರಿ ಅಲ್ವಾ?

ಇಷ್ಟೆಲ್ಲ ಓದಿಕೊಂಡು ಪ್ರಯೋಗ ಮಾಡಿದರೆ, ನನ್ನ ಹೊಟ್ಟೆ ತುಂಬಿದ ನೊಣಗಳೂ ಸಕ್ಕರೆ ವಾಸನೆ ಕಡೆಗೇ ಓಡಿದವು. ಒಂದು ಸಲ ಅಲ್ಲ, ವಾರಗಟ್ಟಲೆ. ವಾಸನೆ ಬದಲಿಸಿದೆ. ಕೊಳವೆ ತೊಳೆದೆ. ನೊಣದ ತಳಿಯ ಮೇಲೇ ಅನುಮಾನ ಬಂತು. ರಾತ್ರಿ ಮಲಗಿದರೆ, ಆರು ನ್ಯೂರಾನ್‌ಗಳು ನನ್ನ ಲ್ಯಾಬಿನಲ್ಲಿ ಮಾತ್ರ ರಜೆ ಹಾಕಿದಾವಾ ಅನ್ನೋ ಯೋಚನೆ.

ನಮ್ಮಲ್ಲಿ ನೊಣದ ಊಟ ಬೇಯಿಸೋರು ಒಬ್ಬ ಅಕ್ಕ ಇದ್ದಾರೆ. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಅಗರ್ ಹಾಕಿ ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸುತ್ತಾರೆ. ಒಂದು ದಿನ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಹೇಳಿದರು.

"ಮೇಡಂ, ಇವು ತಿಂದಂಗೇ ಇಲ್ಲ. ಎಲ್ಲ ಹತ್ತಿ ಮುಚ್ಚಳದ ಹತ್ರಾನೇ ಕೂತಿದಾವೆ ನೋಡಿ."

ನಾನು ಸುಮ್ನೆ "ಹೂಂ ಅಕ್ಕ" ಅಂದೆ. ಊಟದ ಪಾತ್ರೆ ತೊಳೆಯುವ ಹೊತ್ತಿಗೆ ಹೊಳೆಯಿತು. ಜುಲೈನಲ್ಲಿ ಬಾಟಲಿಗಳಿಗೆಲ್ಲ ಬೂಸ್ಟು ಬಂದಿತ್ತು. ಬೂಸ್ಟು ತಡೆಯೋಕೆ ಪ್ರೊಪಿಯಾನಿಕ್ ಆಸಿಡ್ ಹಾಕುತ್ತೇವೆ. "ಸ್ವಲ್ಪ ಜಾಸ್ತಿ ಹಾಕಿ ಅಕ್ಕ" ಅಂದವಳು ನಾನೇ. ಅಳತೆ ಹೇಳಿರಲಿಲ್ಲ. ಆ ಘಾಟಿಗೆ ನೊಣಗಳು ಊಟದ ಹತ್ತಿರ ಹೋಗುತ್ತಲೇ ಇರಲಿಲ್ಲ.

ಗಂಜಿಗೆ ತಿನ್ನುವ ನೀಲಿ ಬಣ್ಣ ಬೆರೆಸಿ ಕೊಟ್ಟೆವು. ತಿಂದಿದ್ದರೆ ಹೊಟ್ಟೆ ನೀಲಿ ಕಾಣಬೇಕು. ಮೈಕ್ರೋಸ್ಕೋಪಿನ ಕೆಳಗೆ ನೋಡಿದರೆ ಅರ್ಧಕ್ಕಿಂತ ಜಾಸ್ತಿ ನೊಣಗಳ ಹೊಟ್ಟೆಯಲ್ಲಿ ಬಣ್ಣವೇ ಇಲ್ಲ. ನನ್ನ ಪುಸ್ತಕದಲ್ಲಿ ಮಾತ್ರ ಅವಕ್ಕೆ ಊಟ ಆಗಿತ್ತು. ಅವುಗಳ ಎನ್‌ಪಿಎಫ್ ನನ್ನ ಪುಸ್ತಕ ಓದಿರಲಿಲ್ಲ.

ಆಸಿಡ್ ಅಳತೆಗೆ ಬಂದ ಮೇಲೆ ಹೊಟ್ಟೆ ತುಂಬಿದ ನೊಣಗಳ ಅಂಕ ಸೊನ್ನೆಯ ಹತ್ತಿರ ಇಳಿಯಿತು. ಆಮೇಲೆ ನಿಜವಾದ ಪರೀಕ್ಷೆ. ಎನ್‌ಪಿಎಫ್ ನ್ಯೂರಾನ್‌ಗಳಲ್ಲಿ ಟ್ರಿಪ್‌ಎ1 ಅನ್ನುವ, ಬಿಸಿಗೆ ತೆರೆಯುವ ಚಾನೆಲ್ (ಕೋಶದ ಪೊರೆಯಲ್ಲಿ ಕಿಂಡಿಯಂತಿರುವ ಪ್ರೋಟೀನ್) ಕೂರಿಸಿದ ನೊಣಗಳನ್ನು ತಗೊಂಡೆ. ಕೋಣೆ 30 ಡಿಗ್ರಿ ದಾಟಿದರೆ ಆ ನ್ಯೂರಾನ್‌ಗಳು ತಾವಾಗಿ ಮಿಡಿಯುತ್ತವೆ. ಹೊಟ್ಟೆ ನೀಲಿಯಾಗಿ ಉಬ್ಬಿದ ನೊಣಗಳು, ಬಿಸಿ ಮಾಡಿದ ಮೇಲೆ, ಹಸಿದವರ ಹಾಗೆ ಸಕ್ಕರೆ ವಾಸನೆ ಕಡೆ ನಡೆದವು. ಚಾನೆಲ್ ಇಲ್ಲದ ನೊಣಗಳಿಗೂ ಅಷ್ಟೇ ಬಿಸಿ ಕೊಟ್ಟು ನೋಡಿದೆ, ಅವು ಕ್ಯಾರೇ ಅನ್ನಲಿಲ್ಲ. ಕೆಂಪು ದೀಪದಲ್ಲಿ ಎರಡು ಸಲ ಎಣಿಸಿದೆ.

ಮನುಷ್ಯರ ವಿಷಯಕ್ಕೆ ನಾನು ಜಾಸ್ತಿ ಹೋಗುವುದಿಲ್ಲ. ನಮ್ಮಂಥ ಸಸ್ತನಿಗಳಲ್ಲೂ ಪೆಪ್ಟೈಡ್‌ಗಳು ಡೋಪಮಿನ್ ನ್ಯೂರಾನ್‌ಗಳ ಕಿವಿ ಹಿಂಡುತ್ತವೆ. ಡೈನಾರ್ಫಿನ್ ಡೋಪಮಿನ್ ಬಿಡುಗಡೆ ತಗ್ಗಿಸುತ್ತದೆ. ಎಂಡಾರ್ಫಿನ್ ಪಕ್ಕದ ಬ್ರೇಕ್ ನ್ಯೂರಾನ್‌ಗಳನ್ನು ಸುಮ್ಮನಾಗಿಸಿ ಅದನ್ನು ಹೆಚ್ಚಿಸುತ್ತದೆ.

ಫಲಿತಾಂಶದ ಗ್ರಾಫ್ ಅಕ್ಕನಿಗೂ ತೋರಿಸಿದೆ. "ಹಂಗಾರೆ ಹೊಟ್ಟೆ ತುಂಬಿದ್ರೆ ಮರ್ತೋಗಲ್ವಾ ಮೇಡಂ?" ಅಂದರು.

"ಇಲ್ಲ ಅಕ್ಕ. ನೆನಪಿರುತ್ತೆ, ಬೇಡ ಅಷ್ಟೆ."

"ನಮ್ಮನೆಯವ್ರ ಥರ" ಅಂದು ಪಾತ್ರೆ ಒಲೆ ಮೇಲಿಟ್ಟರು. ಈಗ ಪ್ರತಿ ಬ್ಯಾಚಿನ ಮೊದಲ ಬಾಟಲಿಗೆ ನೀಲಿ ಬಣ್ಣ ಹಾಕುತ್ತೇವೆ. ಹೊಟ್ಟೆ ನೋಡಿ ಹೂಂ ಅನ್ನೋದು ಅಕ್ಕನೇ.