ಮಲೆನಾಡಿನ ಕರೆಂಟಿಗೆ ತಕ್ಕ ಎಸ್‌ಎಂಪಿಎಸ್: ಗೇಮಿಂಗ್ ಪಿಸಿ ಅಪ್‌ಗ್ರೇಡ್ ಮಾಡುವ ಮೊದಲು

ಗ್ರಾಫಿಕ್ಸ್ ಕಾರ್ಡ್‌ಗೆ ಮೂವತ್ತು ನಲವತ್ತು ಸಾವಿರ ಹಾಕಲು ತಯಾರಿರುವವರೂ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದ ಹಾಗೆ ಬದಲಿಸಿಕೊಡುವ ಪೆಟ್ಟಿಗೆಯ ವಿಷಯ ಬಂದಾಗ "ಇರೋದೇ ನಡೆಯುತ್ತೆ ಬಿಡಿ" ಅನ್ನುತ್ತಾರೆ. ಕರೆಂಟು ಸರಿಯಿರುವ ಊರಲ್ಲಿ ಹೇಗೋ ನಡೆದೀತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಗಳಲ್ಲಿ ಕಷ್ಟ. ಪಂಪ್‌ಸೆಟ್ ಶುರುವಾದರೆ ಬಲ್ಬು ಮಂಕಾಗುತ್ತದೆ, ಏಪ್ರಿಲ್ ಮೇನಲ್ಲಿ ಸಿಡಿಲು, ಜೂನ್ ಬಂತೆಂದರೆ ಲೈನ್ ಮೇಲೆ ಮರ. ಹಾಗಾಗಿ ನಮ್ಮ ಕಡೆ ಎಸ್‌ಎಂಪಿಎಸ್ ಎಷ್ಟು ವ್ಯಾಟ್ ಕೊಡುತ್ತದೆ ಅಂತ ಕೇಳುವ ಮೊದಲು, ಅದು ಎಂಥ ಕರೆಂಟನ್ನು ತಾಳಿಕೊಳ್ಳುತ್ತದೆ ಅಂತ ಕೇಳಬೇಕು. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಲೇಬಲ್ ನೋಡಿ. ಅದರಲ್ಲಿ ಎಸಿ ಇನ್‌ಪುಟ್ ಅಂತ ಒಂದು ಸಾಲು ಇರುತ್ತದೆ. ಕೆಲವದರಲ್ಲಿ 100–240 ವೋಲ್ಟ್ ಅಂತ ಇದ್ದರೆ, ಕೆಲವದರಲ್ಲಿ 200–240 ಮಾತ್ರ. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಈ ಎರಡನೇ ಬಗೆ ಜಾಸ್ತಿ. ಸಂಜೆ ಹೊತ್ತು ವೋಲ್ಟೇಜ್ 170ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಮೊದಲನೆಯದಕ್ಕೆ ಅದು ಲೆಕ್ಕಕ್ಕೇ ಇಲ್ಲ, ಎರಡನೆಯದಕ್ಕೆ ಅದರ ಮಿತಿಗಿಂತ ಕೆಳಗೆ. ಆಟದ ನಡುವೆ ಪಿಸಿ ತಾನಾಗಿ ರೀಸ್ಟಾರ್ಟ್ ಆದಾಗ ಎಲ್ಲರೂ ಕಾರ್ಡ್ ಮೇಲೆ, ವಿಂಡೋಸ್ ಮೇಲೆ ಅನುಮಾನ ಪಡುತ್ತಾರೆ. ಎಷ್ಟೋ ಸಲ ಕಾರಣ ಈ ಒಂದು ಸಾಲಿನಲ್ಲೇ ಇರುತ್ತದೆ. ವೋಲ್ಟೇಜ್ ಇಳಿದರೆ ಎಸ್‌ಎಂಪಿಎಸ್ ಅಷ್ಟೇ ವ್ಯಾಟ್ ಕೊಡಲು ಜಾಸ್ತಿ ಆಂಪಿಯರ್ ಎಳೆಯಬೇಕು: 400 ವ್ಯಾಟ್‌ಗೆ 230 ವೋಲ್ಟ್‌ನಲ್ಲಿ 1.7 ಆಂಪಿಯರ್ ಸಾಕು, 160ರಲ್ಲಿ 2.5 ಬೇಕು. ಒಳಗಿನ ಭಾಗಗಳು ಅಷ್ಟು ಜಾಸ್ತಿ ಬಿಸಿಯಾಗುತ್ತವೆ. ಹಾಗಾಗಿ ಸರಿಯಾಗಿ ಲೆಕ್ಕ ಹಾಕಿದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನ ವ್ಯಾಟ್ ತಗೊಳ್ಳಿ ಅನ್ನುತ್ತೇನೆ.

ಅದೇ ಲೇಬಲ್‌ನಲ್ಲಿ +12 ವೋಲ್ಟ್ ಅಂತ ಒಂದು ಕಾಲಂ ಇದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನುವುದು ಅಲ್ಲಿಂದಲೇ. ಅಲ್ಲಿರುವ ಆಂಪಿಯರನ್ನು 12ರಿಂದ ಗುಣಿಸಿ. 54 ಆಂಪಿಯರ್ ಇದ್ದರೆ 648 ವ್ಯಾಟ್, ಅಂದರೆ ಡಬ್ಬದ ಮೇಲಿನ 650 ನಿಜ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ "450 ವ್ಯಾಟ್" ಪೆಟ್ಟಿಗೆಯಲ್ಲಿ ಅಲ್ಲಿ 18 ಆಂಪಿಯರ್ ಅಂತ ಇದ್ದರೆ ನಿಮ್ಮ ಕೈಗೆ ಸಿಗುವುದು 216 ವ್ಯಾಟ್ ಅಷ್ಟೇ. ಕೈಯಲ್ಲಿ ಎತ್ತಿದರೂ ಗೊತ್ತಾಗುತ್ತದೆ, ತೀರಾ ಹಗುರ ಇರುತ್ತದೆ. ಅಂಥದ್ದಕ್ಕೆ ಹೊಸ ಕಾರ್ಡ್ ಜೋಡಿಸಲೇಬೇಡಿ ಮಾರಾಯ್ರೆ.

ವ್ಯಾಟ್ ಲೆಕ್ಕ ಕಷ್ಟದ್ದೇನಲ್ಲ. ಆರ್‌ಟಿಎಕ್ಸ್ 4060 ಕಾರ್ಡ್ 115 ವ್ಯಾಟ್ ಎಳೆಯುತ್ತದೆ, 5070 ಆದರೆ 250. ಪ್ರೊಸೆಸರ್‌ಗೆ 90ರಿಂದ 160, ಉಳಿದ ಬೋರ್ಡು, ಡಿಸ್ಕು, ಫ್ಯಾನಿಗೆ 60–70 ಸೇರಿಸಿ. 5070 ಹಾಕುವವರಿಗೆ ಎನ್‌ವಿಡಿಯಾ ಹೇಳುವುದು 650 ವ್ಯಾಟ್. ನಮ್ಮ ಕಡೆಯ ವೋಲ್ಟೇಜ್ ನೋಡಿದರೆ ನಾನು 750 ಅನ್ನುತ್ತೇನೆ. ಅದಕ್ಕಿಂತ ಮೇಲೆ ಹೋಗುವುದು ಸುಮ್ನೆ ದುಡ್ಡು ದಂಡ. ಇವತ್ತಿನ ಕಾರ್ಡ್‌ಗಳು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ತಮ್ಮ ಲೆಕ್ಕಕ್ಕಿಂತ ಹೆಚ್ಚು ಕರೆಂಟು ಎಳೆದುಬಿಡುತ್ತವೆ. ಅದನ್ನು ತಡೆದುಕೊಳ್ಳುವ ಹಾಗೆ ಇನ್‌ಟೆಲ್ 2022ರಲ್ಲಿ ಎಟಿಎಕ್ಸ್ 3.0 ನಿಯಮ ತಂದಿತು, ಆಮೇಲೆ 3.1 ಬಂತು. ಹೊಸದಾಗಿ ಕೊಳ್ಳುವುದಾದರೆ 3.1 ಅಂತ ಬರೆದಿರುವುದನ್ನೇ ಕೇಳಿ.

ಇನ್ನು 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವ ಸ್ಟಿಕ್ಕರ್. ಇದನ್ನು ಜನ ಗುಣಮಟ್ಟದ ಗುರುತು ಅಂದುಕೊಂಡಿದ್ದಾರೆ, ಅದು ತಪ್ಪು. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಪಿಸಿಗೆ ಹೋಗುತ್ತದೆ, ಎಷ್ಟು ಬಿಸಿಯಾಗಿ ಹಾಳಾಗುತ್ತದೆ ಅನ್ನುವುದಷ್ಟೇ ಅದರ ಲೆಕ್ಕ. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡ್‌ಗೆ ಬ್ರಾಂಜ್ 85 ಶೇಕಡಾ, ಗೋಲ್ಡ್ 90. ದಿನಕ್ಕೆ ನಾಲ್ಕು ಗಂಟೆ 350 ವ್ಯಾಟ್‌ನಲ್ಲಿ ಆಡಿದರೂ ಈ ಲೆಕ್ಕದಲ್ಲಿ ವರ್ಷಕ್ಕೆ ಉಳಿಯುವುದು ಸುಮಾರು 33 ಯೂನಿಟ್. ಅದಕ್ಕೋಸ್ಕರ ಎರಡು ಸಾವಿರ ಜಾಸ್ತಿ ಕೊಡಬೇಕಾಗಿಲ್ಲ, ಅಲ್ವಾ? 2021ರಲ್ಲಿ ಗಿಗಾಬೈಟ್‌ನ ಪಿ750ಜಿಎಂ, ಪಿ850ಜಿಎಂ ಅನ್ನುವ ಎರಡು ಮಾಡೆಲ್‌ಗಳು ಪರೀಕ್ಷೆಯಲ್ಲಿ ಲೋಡ್ ಮಿತಿ ಮೀರಿಸಿದಾಗ ಢಂ ಅಂತ ಸಿಡಿದು ದೊಡ್ಡ ಸುದ್ದಿಯಾಯಿತು. ಎರಡಕ್ಕೂ ಗೋಲ್ಡ್ ಸ್ಟಿಕ್ಕರ್ ಇತ್ತು. ಆಮೇಲೆ ಕಂಪನಿ ಓವರ್ ಪವರ್ ಪ್ರೊಟೆಕ್ಷನ್ (ಲೋಡ್ ಜಾಸ್ತಿಯಾದರೆ ತಾನಾಗಿ ಆಫ್ ಆಗುವ ವ್ಯವಸ್ಥೆ) ಮಿತಿಯನ್ನು ಇಳಿಸಿ, ಹಳೆಯದನ್ನು ಬದಲಿಸಿಕೊಡಲು ಒಪ್ಪಿತು. ಹಾಗಾಗಿ ಬ್ರ್ಯಾಂಡ್ ಹೆಸರು ನೋಡಿ ಕೊಳ್ಳಬೇಡಿ, ಮಾಡೆಲ್ ನೋಡಿ. ಒಂದೇ ಬ್ರ್ಯಾಂಡ್‌ನ ಬೇರೆ ಬೇರೆ ಮಾಡೆಲ್‌ಗಳನ್ನು ಸಿಡಬ್ಲ್ಯೂಟಿ, ಗ್ರೇಟ್ ವಾಲ್, ಸೀಸಾನಿಕ್‌ನಂಥ ಬೇರೆ ಬೇರೆ ಕಾರ್ಖಾನೆಗಳು ಮಾಡಿಕೊಡುವುದುಂಟು. ಬಿಚ್ಚಿ ಪರೀಕ್ಷೆ ಮಾಡಿದವರ ವರದಿ ಓದಿ. 105 ಡಿಗ್ರಿ ಬಿಸಿ ತಾಳುವ ಕೆಪಾಸಿಟರ್ (ಕರೆಂಟನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗ) ಇದೆಯಾ, ಎಲ್ಲ ಪ್ರೊಟೆಕ್ಷನ್‌ಗಳೂ ನಿಜಕ್ಕೂ ಕೆಲಸ ಮಾಡಿದವಾ ಅಂತ ಅಲ್ಲಿ ಇರುತ್ತದೆ. ನೀವಾಗಿ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.

ನಮ್ಮ ಕಡೆ ಮನೆ ಮನೆಗೂ ಇನ್ವರ್ಟರ್ ಇದೆ. ಒರಟು ಅಲೆಯ ಕರೆಂಟು ಕೊಡುವ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೂ ಈಗಿನ ಎಸ್‌ಎಂಪಿಎಸ್‌ಗಳ ಆಕ್ಟಿವ್ ಪಿಎಫ್‌ಸಿಗೂ (ಲೈನ್‌ನಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಸರಿ ಹೊಂದುವುದಿಲ್ಲ, ಗುಂಯ್ ಅನ್ನುವ ಸದ್ದು ಬರುತ್ತದೆ, ಕೆಲವು ಆಫ್ ಆಗಿಬಿಡುತ್ತವೆ. ಲೈನ್ ಕರೆಂಟಿನ ಹಾಗೇ ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ಆದರೆ ಒಳ್ಳೆಯದು. ಅದರಲ್ಲೂ ಬಹಳಷ್ಟಕ್ಕೆ ಯುಪಿಎಸ್ ಮೋಡ್‌ಗೊಂದು ಸ್ವಿಚ್ ಇರುತ್ತದೆ, ಹೆಚ್ಚಾಗಿ ಹಿಂದುಗಡೆ. ಅದನ್ನು ಹಾಕಿ. ಕರೆಂಟು ಹೋದಾಗ ಎಸ್‌ಎಂಪಿಎಸ್ ತನ್ನೊಳಗಿನ ಶಕ್ತಿಯಲ್ಲಿ ಪಿಸಿಯನ್ನು ಹಿಡಿದಿಡುವುದು ಕೆಲವೇ ಮಿಲಿಸೆಕೆಂಡ್, ಎಟಿಎಕ್ಸ್ 3.1 ಪ್ರಕಾರ ಪೂರ್ತಿ ಲೋಡ್‌ನಲ್ಲಿ 12. ಅಷ್ಟರೊಳಗೆ ಇನ್ವರ್ಟರ್ ಬದಲಾಗದಿದ್ದರೆ ಪಿಸಿ ಆಫ್. ಬೇರೆ ಯುಪಿಎಸ್ ಕೊಳ್ಳುವುದಾದರೆ ಅದರ ಮೇಲಿನ ವಿಎ (ವೋಲ್ಟ್-ಆಂಪಿಯರ್) ನೋಡಿ ಮೋಸ ಹೋಗಬೇಡಿ, 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ.

ಅರ್ಥಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಂ ಅನ್ನುತ್ತದೆಯಾ? ಹೆಚ್ಚಾಗಿ ಎಸ್‌ಎಂಪಿಎಸ್ ಕೆಟ್ಟಿರುವುದಿಲ್ಲ, ಪ್ಲಗ್ ಪಾಯಿಂಟ್‌ನಲ್ಲಿ ಅರ್ಥಿಂಗ್ ಇರುವುದಿಲ್ಲ. ಒಳಗಿನ ಫಿಲ್ಟರ್‌ನಿಂದ ಸೋರುವ ಚೂರು ಕರೆಂಟಿಗೆ ಭೂಮಿಗೆ ಹೋಗಲು ದಾರಿ ಸಿಗದೆ ಕ್ಯಾಬಿನೆಟ್ಟಿಗೆ ಬರುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಇಡಿಸಿ ನೋಡಿ: ಫೇಸ್‌ಗೂ ನ್ಯೂಟ್ರಲ್‌ಗೂ 230ರ ಆಸುಪಾಸು, ಫೇಸ್‌ಗೂ ಅರ್ಥ್‌ಗೂ ಹತ್ತಿರ ಹತ್ತಿರ ಅಷ್ಟೇ, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು ಮೂರು ವೋಲ್ಟ್ ಬರಬೇಕು. ಹಳೆಯ ಮನೆಗಳಲ್ಲಿ ಮೂರನೇ ತೂತು ಬರೀ ನೋಟಕ್ಕೆ ಇರುತ್ತದೆ, ಹಿಂದೆ ವೈರೇ ಇರುವುದಿಲ್ಲ. ಅಂಥ ಕಡೆ ಸರ್ಜ್ ಪ್ರೊಟೆಕ್ಟರ್‌ನಿಂದಲೂ ಹೆಚ್ಚು ಪ್ರಯೋಜನ ಇಲ್ಲ. ಅರ್ಥಿಂಗ್ ಸರಿಯಿದ್ದರೂ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತು ಇಡಿ, ಜೊತೆಗೆ ರೂಟರ್‌ನಿಂದ ಬರುವ ನೆಟ್‌ವರ್ಕ್ ಕೇಬಲ್ಲನ್ನೂ. ಸಿಡಿಲು ಆ ದಾರಿಯಿಂದ ಮದರ್‌ಬೋರ್ಡ್‌ಗೆ ಬರಬಹುದು. ಸಿಡಿಲು ಹತ್ತಿರದಲ್ಲಿ ಹೊಡೆದರೆ ಯಾವ ಗೋಲ್ಡ್, ಪ್ಲಾಟಿನಂ ಕೂಡ ಉಳಿಯುವ ಭರವಸೆ ಇಲ್ಲ.

ಮಳೆಗಾಲದಲ್ಲಿ ಪಿಸಿಯನ್ನು ವಾರಗಟ್ಟಲೆ ಮುಚ್ಚಿಡಬೇಡಿ, ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಓಡಿಸಿ, ಒಳಗಿನ ತೇವ ಆರುತ್ತದೆ.

ಕೊಳ್ಳುವುದು ಎಲ್ಲಿ ಅಂದರೆ, ಆನ್‌ಲೈನ್‌ನಲ್ಲಿ ಇಲ್ಲವೇ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಬೇಕಾದ ಮಾಡೆಲ್ ಸಿಗುತ್ತದೆ. ಶಿವಮೊಗ್ಗದ ಅಂಗಡಿಯವರು ತರಿಸಿಕೊಡುವುದಾದರೆ ಮುನ್ನೂರು ನಾನ್ನೂರು ಜಾಸ್ತಿಯಾದರೂ ಅಲ್ಲೇ ಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ವಾರಂಟಿಗೆ ಕಳಿಸುವಾಗ ಭಾರದ ಪೆಟ್ಟಿಗೆಯನ್ನು ನೀವು ಕೊರಿಯರ್ ಮಾಡುವುದು ತಪ್ಪುತ್ತದೆ. ವಾರಂಟಿ ಐದು ವರ್ಷಕ್ಕಿಂತ ಕಡಿಮೆ ಇರುವುದು ಬೇಡ. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿ, ಫೋಟೋ ತೆಗೆದಿಡಿ, ಶಾಯಿ ಮಾಸಿಹೋಗುತ್ತದೆ.

ಜೋಡಿಸುವಾಗ ಹಳೆಯ ಎಸ್‌ಎಂಪಿಎಸ್‌ನ ಮಾಡ್ಯುಲರ್ (ಎರಡೂ ತುದಿ ಬಿಚ್ಚಬಹುದಾದ) ಕೇಬಲ್‌ಗಳನ್ನು ಹೊಸದಕ್ಕೆ ಹಾಕಲೇಬೇಡಿ. ತುದಿ ಸರಿಯಾಗಿ ಕೂತರೂ ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ಥರ, 5 ವೋಲ್ಟ್ ಹೋಗಬೇಕಾದ ಕಡೆ 12 ಹೋದರೆ ಡಿಸ್ಕ್ ಸುಟ್ಟಿತು ಅಂತಲೇ ಲೆಕ್ಕ. ಕಾರ್ಡ್‌ಗೆ ಎರಡು 8 ಪಿನ್ ಬೇಕಿದ್ದರೆ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ. ಹೊಸ 16 ಪಿನ್ ಕನೆಕ್ಟರ್ ಆದರೆ ಟಾರ್ಚ್ ಹಾಕಿ ಪಕ್ಕದಿಂದ ನೋಡಿ, ಕೂದಲೆಳೆಯಷ್ಟೂ ಸಂದಿ ಇರಬಾರದು, ಕನೆಕ್ಟರ್ ಬುಡದಲ್ಲೇ ವೈರ್ ಬಗ್ಗಿಸಬಾರದು.